83ನೇ ನಿಮಿಷದವರೆಗೆ ಓದುಗರನ್ನು ಕಾಯಿಸಿ

ನಮಸ್ಕಾರ.

ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಕೈಬಿಡಿ ಅನ್ನುತ್ತಿಲ್ಲ. ನಿಮ್ಮ ಹತ್ತಿರ ಇರುವುದು ತುಂಬಾ ಒಳ್ಳೆಯ ಕತೆ. ಹದಿನಾಲ್ಕು ಪುಟದಲ್ಲಿ ಅದನ್ನು ಹುಡುಕಿ ತೆಗೆಯಬೇಕಾಯಿತು, ಅಷ್ಟೇ ನನ್ನ ತಕರಾರು. ಎಲ್ಲೆಲ್ಲಿ ಏನು ಅನಿಸಿತು ಅಂತ ಬಿಡಿಸಿ ಬರೆಯುತ್ತೇನೆ.

ನೀವು ಬರೆದಿರುವುದು ಸ್ಕಾಟ್ಲೆಂಡಿನ ಪ್ರೀಮಿಯರ್ ಡಿವಿಷನ್ ಫುಟ್‌ಬಾಲ್ ಲೀಗಿನ 1985-86ರ ಸೀಸನ್ ಬಗ್ಗೆ. ಎಡಿನ್‌ಬರೋದ ಹಾರ್ಟ್ಸ್ ತಂಡ ಕೊನೆಯ ಪಂದ್ಯದ ಕೊನೆಯ ಏಳು ನಿಮಿಷದಲ್ಲಿ ಚಾಂಪಿಯನ್ ಪಟ್ಟ ಕಳೆದುಕೊಂಡ ಸೀಸನ್ ಅದು. ನೀವೀಗ ಅದೇ ಊರಲ್ಲಿ ಕೆಲಸದಲ್ಲಿದ್ದೀರಿ. ಗಾರ್ಗಿ ಬಡಾವಣೆಯಲ್ಲಿ, ಹಾರ್ಟ್ಸ್‌ನವರ ಟೈನ್‌ಕ್ಯಾಸಲ್ ಮೈದಾನದಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಮಾಡಿದ್ದೀರಿ. ಬೆಂಗಳೂರಲ್ಲಿ ಕೂತು ಇಂಟರ್ನೆಟ್ ನೋಡಿ ಬರೆಯುವವರಿಗೆ ಇಲ್ಲದ ಅನುಕೂಲ ಅದು. ಆದರೆ ಕೊನೆಯ ಪುಟದ ಒಂದು ಪ್ಯಾರಾ ಬಿಟ್ಟರೆ ನೀವು ಅಲ್ಲಿದ್ದೀರಿ ಅನ್ನುವುದೇ ಗೊತ್ತಾಗುವುದಿಲ್ಲ. ಆ ಪ್ಯಾರಾದ ಮಾತು ಆಮೇಲೆ.

ಶುರುವಿನ ಐದು ಪುಟ ತೆಗೆದುಬಿಡಿ. 1890ರಲ್ಲಿ ಸ್ಕಾಟಿಷ್ ಲೀಗ್ ಹುಟ್ಟಿದ್ದು, ಹಾರ್ಟ್ ಆಫ್ ಮಿಡ್ಲೋಥಿಯನ್ ಅನ್ನುವ ಪೂರ್ತಿ ಹೆಸರಿನ ಮೂಲ, ಕೆಂಗಂದು ಜೆರ್ಸಿಯ ಇತಿಹಾಸ, ಇದೆಲ್ಲ ಶ್ರದ್ಧೆಯಿಂದ ಮಾಡಿದ ಕೆಲಸ, ಒಪ್ಪುತ್ತೇನೆ. ಆದರೆ ಓದುಗ ಇನ್ನೂ ಮನೆಯೊಳಗೇ ಬಂದಿಲ್ಲ, ಅಷ್ಟರಲ್ಲಿ ವಂಶಾವಳಿ ಹೇಳಿದರೆ ಹೇಗೆ? ಅವನಿಗೆ ಬೇಕಾದದ್ದು ಸ್ವಲ್ಪವೇ. ಅದಕ್ಕೆ ಮೊದಲು ಹಾರ್ಟ್ಸ್ ಕೊನೆಯ ಸಲ ಲೀಗ್ ಗೆದ್ದದ್ದು 1960ರಲ್ಲಿ. ಆಮೇಲೆ ತಂಡ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು. ಮೇಲಿನ ಡಿವಿಷನ್‌ಗೆ ವಾಪಸ್ ಬಂದದ್ದು 1983ರಲ್ಲಿ. ಈ ಸೀಸನ್‌ಗೆ ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದದ್ದು ಅಲೆಕ್ಸ್ ಫರ್ಗುಸನ್ ಅವರ ಅಬರ್ಡೀನ್. ಅದರ ಜೊತೆಗೆ ಗ್ಲಾಸ್ಗೋದ ಎರಡು ದೊಡ್ಡ ಕ್ಲಬ್ಬುಗಳು, ಸೆಲ್ಟಿಕ್ ಮತ್ತು ರೇಂಜರ್ಸ್. ಇಷ್ಟಕ್ಕೆ ಆರು ಸಾಲು ಸಾಕು.

ಇನ್ನು ನಿಮ್ಮ ಮೊದಲ ವಾಕ್ಯ. "ವಿಧಿ ಹಾರ್ಟ್ಸ್ ತಂಡದ ಹಣೆಯಲ್ಲಿ ಸೋಲು ಬರೆದಿತ್ತು." ಇಡೀ ಲೇಖನದಲ್ಲಿ ವಿಧಿ ಅನ್ನುವ ಮಾತು ಹನ್ನೊಂದು ಸಲ ಬಂದಿದೆ, ಎಣಿಸಿದೆ. ನನಗೆ ಬೇಜಾರಾದದ್ದು ಇಲ್ಲೇ. ಏನಾಯಿತು ಅಂತ ನಿಮಗೆ ಗೊತ್ತಿದೆ. ಹಾಗಾಗಿ ಮೊದಲ ಪುಟದಿಂದಲೇ ಸೋಲಿನ ಕಣ್ಣಿನಿಂದ ನೋಡುತ್ತಿದ್ದೀರಿ. ಆಗಸ್ಟ್‌ನಲ್ಲಿ ಟೈನ್‌ಕ್ಯಾಸಲ್‌ಗೆ ಬಂದವರಿಗೆ ಅದು ಗೊತ್ತಿತ್ತಾ? ಮೊದಲ ಪಂದ್ಯವೇ ಸೆಲ್ಟಿಕ್ ವಿರುದ್ಧ, 1-1 ಡ್ರಾ. ಮೊದಲ ಎಂಟು ಪಂದ್ಯದಲ್ಲಿ ಐದು ಸೋಲು. ಸೆಪ್ಟೆಂಬರ್ ಕೊನೆಯಲ್ಲಿ ಕ್ಲೈಡ್‌ಬ್ಯಾಂಕ್ ಕೈಲೂ ಸೋತರು, ಆ ಸೀಸನ್‌ನಲ್ಲಿ ಕಟ್ಟಕಡೆಗೆ ನಿಂತ ತಂಡದ ಕೈಲಿ. ಆಗ ಹಾರ್ಟ್ಸ್ ಅಭಿಮಾನಿಗಳ ಚಿಂತೆ ಏನಿದ್ದಿರಬಹುದು? ಮತ್ತೆ ಕೆಳಗಿನ ಡಿವಿಷನ್‌ಗೆ ಹೋಗದಿದ್ದರೆ ಸಾಕಪ್ಪಾ ಅನ್ನುವುದೇ ಅಲ್ವಾ?

ಅಲ್ಲಿಂದಾಚೆಗೆ 27 ಲೀಗ್ ಪಂದ್ಯ ಸೋಲಲೇ ಇಲ್ಲ. ಇದನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ! ಅಕ್ಟೋಬರ್‌ನಿಂದ ಏಪ್ರಿಲ್ ಕೊನೆವರೆಗೆ, ಚಳಿ, ಮಳೆ, ಕೆಸರು ಎಲ್ಲ ದಾಟಿ ಒಂದು ತಂಡ ಸೋಲದೆ ಆಡಿದೆ. ಮ್ಯಾನೇಜರ್ ಅಲೆಕ್ಸ್ ಮೆಕ್‌ಡೊನಾಲ್ಡ್, ಅವರಿಗೆ ಹೆಗಲು ಕೊಟ್ಟ ಸ್ಯಾಂಡಿ ಜಾರ್ಡಿನ್, ಇಬ್ಬರೂ ಹಿಂದೆ ರೇಂಜರ್ಸ್‌ನಲ್ಲಿ ಆಡಿದವರು. ಜಾರ್ಡಿನ್‌ಗೆ ಆಗ 37 ವರ್ಷ, ಇನ್ನೂ ಡಿಫೆನ್ಸ್‌ನಲ್ಲಿ ಆಡುತ್ತಿದ್ದರು. ಆ ವರ್ಷ ಫುಟ್‌ಬಾಲ್ ವರದಿಗಾರರು ವರ್ಷದ ಆಟಗಾರ ಅಂತ ಆರಿಸಿದ್ದು ಅವರನ್ನೇ. ಮುಂದೆ ದಾಳಿಗೆ ಜಾನ್ ರಾಬರ್ಟ್‌ಸನ್, ಸ್ಯಾಂಡಿ ಕ್ಲಾರ್ಕ್, ಜಾನ್ ಕೊಹೂನ್. ಹಿಂದೆ ಡಿಫೆನ್ಸ್‌ನಲ್ಲಿ ಕ್ರೇಗ್ ಲೆವೀನ್. ಒಬ್ಬೊಬ್ಬರ ಬಗ್ಗೆ ಒಂದೊಂದು ಸಾಲು ಬರೆಯಿರಿ. ಈ ಏಳು ತಿಂಗಳು ಓದುಗನ ಮನಸ್ಸಲ್ಲಿ ಕೂತರೆ ಮಾತ್ರ ಆ ಏಳು ನಿಮಿಷ ಅವನನ್ನು ಅಲ್ಲಾಡಿಸುತ್ತದೆ.

ಸೆಲ್ಟಿಕ್‌ನವರನ್ನೂ ಮರೆಯಬೇಡಿ. ನಿಮ್ಮ ಲೇಖನದಲ್ಲಿ ಅವರು ಕೊನೆಯ ದಿನ ಎಲ್ಲಿಂದಲೋ ಬಂದು ಕಪ್ ಎತ್ತಿಕೊಂಡು ಹೋದಂತಿದೆ. ಮಾರ್ಚ್ 22ರಂದು ರೇಂಜರ್ಸ್ ಮೈದಾನದಲ್ಲಿ ಹತ್ತೇ ಜನ ಉಳಿದಿದ್ದರೂ ಸೆಲ್ಟಿಕ್ 4-4 ಡ್ರಾ ಮಾಡಿಕೊಂಡಿತು. ಅದಾದ ಮೇಲೆ ಸೀಸನ್ ಮುಗಿಯುವವರೆಗೆ ಎಂಟಕ್ಕೆ ಎಂಟೂ ಪಂದ್ಯ ಗೆದ್ದರು. ಮ್ಯಾನೇಜರ್ ಡೇವಿಡ್ ಹೇ ಅವರ ಹುಡುಗರು ಬೆನ್ನು ಬಿಡದೆ ಅಟ್ಟಿಸಿಕೊಂಡು ಬಂದರು. ಹಾರ್ಟ್ಸ್ ಸೋತಿದ್ದಕ್ಕೆ ಕಾರಣ ಹುಡುಕುವಾಗ ಇದು ಮೊದಲನೆಯದು. ಕೊನೆಯ ವಾರ ಹಾರ್ಟ್ಸ್ ತಂಡದಲ್ಲಿ ಕಾಯಿಲೆ ಹರಡಿ ಲೆವೀನ್ ಆಡಲಾಗದೆ ಹೋದದ್ದು ಇನ್ನೊಂದು. ಎದುರಾಳಿ ಡಂಡೀ ತಂಡಕ್ಕೂ ಗೆಲುವು ಬೇಕಾಗಿತ್ತು, ಯೂರೋಪಿನ ಟೂರ್ನಿಗೆ ಹೋಗುವ ಆಸೆ ಇತ್ತು. ಇಷ್ಟೆಲ್ಲ ಕಾರಣ ಕಣ್ಣೆದುರಿಗೆ ಇರುವಾಗ ವಿಧಿಯ ತಲೆಗೆ ಯಾಕೆ ಕಟ್ಟುತ್ತೀರಿ?

ಈಗ ಕೊನೆಯ ದಿನ. 1986ರ ಮೇ 3, ಶನಿವಾರ. ನೀವು "ಕೊನೆಗೂ 2-0 ಅಂತರದಿಂದ ಸೋತು ಪ್ರಶಸ್ತಿ ಕಳೆದುಕೊಂಡಿತು" ಅಂತ ವರದಿ ಕೊಟ್ಟಿದ್ದೀರಿ. ನಾನು ಬರೆಯುವುದಾದರೆ ಎರಡು ಮೈದಾನಗಳ ನಡುವೆ ಓಡಾಡುತ್ತಿದ್ದೆ, ಸುಮಾರಾಗಿ ಹೀಗೆ:

ಡಂಡೀ ಊರಿನ ಡೆನ್ಸ್ ಪಾರ್ಕ್. ಹಾರ್ಟ್ಸ್‌ಗೆ ಡ್ರಾ ಆದರೆ ಸಾಕು. ಅರ್ಧ ಆಟ ಮುಗಿದಾಗ 0-0. ಅತ್ತ ಪೈಸ್ಲಿಯ ಲವ್ ಸ್ಟ್ರೀಟ್ ಮೈದಾನದಲ್ಲಿ ಸೆಲ್ಟಿಕ್ ಆಗಲೇ ಸೇಂಟ್ ಮಿರೆನ್ ಮೇಲೆ 4-0 ಮುಂದಿದೆ. ಎರಡನೇ ಅರ್ಧದಲ್ಲಿ ಇನ್ನೊಂದು, 5-0. ಜನರ ಕಿವಿಯಲ್ಲಿ ಟ್ರಾನ್ಸಿಸ್ಟರ್. ಡೆನ್ಸ್ ಪಾರ್ಕ್‌ನಲ್ಲಿ 60 ನಿಮಿಷ, 70, 80. ಇನ್ನೂ 0-0. ಇನ್ನು ಹತ್ತೇ ನಿಮಿಷ. 83ನೇ ನಿಮಿಷದಲ್ಲಿ ಡಂಡೀಗೆ ಕಾರ್ನರ್. ಬದಲಿ ಆಟಗಾರನಾಗಿ ಬಂದಿದ್ದ ಆಲ್ಬರ್ಟ್ ಕಿಡ್ ಕಾಲಿಗೆ ಚೆಂಡು ಸಿಗುತ್ತದೆ. ಆ ಸೀಸನ್‌ನ ಲೀಗಿನಲ್ಲಿ ಅವನು ಅಲ್ಲಿಯವರೆಗೆ ಒಂದು ಗೋಲೂ ಹೊಡೆದಿರಲಿಲ್ಲ. ಗೋಲು. ಲವ್ ಸ್ಟ್ರೀಟ್‌ನಲ್ಲಿ ಆ ಹೊತ್ತು ಆಟದಲ್ಲಿ ಏನೂ ನಡೆದಿಲ್ಲ, ಆದರೂ ಜನ ಕೂಗಿ ಎದ್ದಿದ್ದಾರೆ. ನಾಲ್ಕು ನಿಮಿಷಕ್ಕೆ ಮತ್ತೆ ಕಿಡ್, 2-0.

ಇದನ್ನೇ ಹಾಕಿಕೊಳ್ಳಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ. ನಾನು ತೋರಿಸಬೇಕೆಂದಿದ್ದು ಆ ಕೂಗನ್ನು. ತಮ್ಮ ಕಣ್ಣೆದುರು ಏನೂ ಆಗದಿದ್ದಾಗ ಇಡೀ ಮೈದಾನ ಕೂಗಿತು. ಆಟಗಾರರಿಗೆ ಸುದ್ದಿ ಮುಟ್ಟಿದ್ದೂ ಹಾಗೆಯೇ. ರೇಡಿಯೋ ಕಾಮೆಂಟರಿ ಕೇಳಿ ಬೆಳೆದ ಕನ್ನಡದ ಓದುಗನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ತಟ್ಟನೆ ಹಿಡಿಯುತ್ತಾನೆ.

ಲೆಕ್ಕದ ಭಾಗ ಇನ್ನೂ ಬಿಗಿಯಾಗಬೇಕು. ಕೊನೆಯ ದಿನ ಬೆಳಿಗ್ಗೆ ಹಾರ್ಟ್ಸ್ 50 ಪಾಯಿಂಟ್, ಸೆಲ್ಟಿಕ್ 48. ಗೋಲ್ ಡಿಫರೆನ್ಸ್, ಅಂದರೆ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ಉಳಿಯುವುದು, ಹಾರ್ಟ್ಸ್‌ಗೆ 28, ಸೆಲ್ಟಿಕ್‌ಗೆ 24. ಸಂಜೆಗೆ ಇಬ್ಬರೂ 50. ಗೆಲುವು ಇಬ್ಬರಿಗೂ 20, ಡ್ರಾ 10, ಸೋಲು 6. ಗೋಲ್ ಡಿಫರೆನ್ಸ್ ಮಾತ್ರ ಸೆಲ್ಟಿಕ್‌ಗೆ 29, ಹಾರ್ಟ್ಸ್‌ಗೆ 26. ಓದುಗನಿಗೆ ಇದು ಅರ್ಥವಾಗಲಿ ಅಂತ ನೀವು 2024ರ ಮೇನಲ್ಲಿ ಆರ್‌ಸಿಬಿ ಚೆನ್ನೈ ವಿರುದ್ಧ ಗೆದ್ದು ನೆಟ್ ರನ್ ರೇಟ್ ಮೇಲೆ ಪ್ಲೇಆಫ್‌ಗೆ ಹೋದದ್ದನ್ನು ಒಂದೂವರೆ ಪುಟ ಬರೆದಿದ್ದೀರಿ. "ನಮ್ಮ ನೆಟ್ ರನ್ ರೇಟ್ ಇದ್ದ ಹಾಗೆ" ಅಂದರೆ ಮುಗಿಯಿತು. ಡೆನ್ಸ್ ಪಾರ್ಕ್‌ನಲ್ಲಿ ನಿಂತಿರುವ ಓದುಗನನ್ನು ಚಿನ್ನಸ್ವಾಮಿಗೆ ಎಳೆದು ತರಬೇಡಿ.

ಆದರೆ ನೀವು ಅಡಿಟಿಪ್ಪಣಿಗೆ ತಳ್ಳಿರುವ ಒಂದು ಸಂಗತಿ ಲೇಖನದ ನಡುಮನೆಗೆ ಬರಬೇಕು. 1965ರ ಏಪ್ರಿಲ್ 24. ಅವತ್ತೂ ಹಾರ್ಟ್ಸ್‌ಗೆ ಕೊನೆಯ ಪಂದ್ಯ, ಅದೂ ಸ್ವಂತ ಮೈದಾನದಲ್ಲಿ, ಕಿಲ್ಮಾರ್ನಕ್ ವಿರುದ್ಧ. 1-0 ಸೋತರೂ ಚಾಂಪಿಯನ್. 2-0 ಸೋತರು. ಆಗಲೂ ಇಬ್ಬರಿಗೂ 50 ಪಾಯಿಂಟೇ. ಆಗ ನಿಯಮ ಗೋಲ್ ಆವರೇಜ್, ಅಂದರೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. ಹಾರ್ಟ್ಸ್ 90 ಹೊಡೆದು 49 ಬಿಟ್ಟಿತ್ತು, ಕಿಲ್ಮಾರ್ನಕ್ 62 ಹೊಡೆದು 33 ಬಿಟ್ಟಿತ್ತು. ಭಾಗಿಸಿದರೆ ಕಿಲ್ಮಾರ್ನಕ್ ಮುಂದೆ. ಕಳೆದು ನೋಡಿದ್ದರೆ ಹಾರ್ಟ್ಸ್ ತುಂಬಾ ಮುಂದೆ, 41ಕ್ಕೆ 29. 1986ರ ಹೊತ್ತಿಗೆ ನಿಯಮ ಬದಲಾಗಿತ್ತು, ಕಳೆಯುವ ಲೆಕ್ಕ ಬಂದಿತ್ತು. ಹಾರ್ಟ್ಸ್ 59 ಹೊಡೆದು 33 ಬಿಟ್ಟಿತ್ತು, ಸೆಲ್ಟಿಕ್ 67 ಹೊಡೆದು 38 ಬಿಟ್ಟಿತ್ತು. ಹಳೆಯ ಭಾಗಾಕಾರವೇ ಇದ್ದಿದ್ದರೆ ಗೆಲ್ಲುತ್ತಿದ್ದದ್ದು ಹಾರ್ಟ್ಸ್! ನಾನು ಪೆನ್ನು ಹಿಡಿದು ಎರಡು ಸಲ ಲೆಕ್ಕ ಹಾಕಿ ನೋಡಿದೆ. 1.788ಕ್ಕೆ 1.763. ಎರಡು ಸಲವೂ ಆ ಕಾಲದ ನಿಯಮ ಅವರಿಗೆ ಒದಗಲಿಲ್ಲ. ಇಂಥ ಸಂಗತಿ ಸಿಕ್ಕ ಮೇಲೆ ವಿಧಿ ಅನ್ನುವ ಮಾತೇ ಬೇಡ, ಅಂಕಿಗಳೇ ಸಾಕು. ಇದನ್ನು ನಿಧಾನವಾಗಿ, ಒಂದೊಂದೇ ಅಂಕಿ ಕೈಗೆ ಕೊಡುತ್ತಾ ಹೇಳಿ.

ತಪ್ಪುಗಳ ವಿಷಯ. ಹಾರ್ಟ್ಸ್‌ಗೆ 70 ಪಾಯಿಂಟ್ ಅಂತ ಒಂದು ಕಡೆ ಬರೆದಿದ್ದೀರಿ. ಗೆಲುವಿಗೆ ಈಗಿನ ಹಾಗೆ ಮೂರು ಪಾಯಿಂಟ್ ಹಿಡಿದು ಗುಣಿಸಿದ್ದೀರಿ ಅಂತ ಕಾಣುತ್ತದೆ. ಆಗ ಗೆಲುವಿಗೆ ಎರಡೇ. ಕ್ಲೈಡ್‌ಬ್ಯಾಂಕ್ ಮತ್ತು ಮದರ್‌ವೆಲ್ ಕೆಳಗಿನ ಡಿವಿಷನ್‌ಗೆ ಹೋದವು ಅಂದಿದ್ದೀರಿ. ಕೊನೆಯ ಎರಡು ಸ್ಥಾನ ಅವರದ್ದೇ ನಿಜ, ಆದರೆ ಮುಂದಿನ ವರ್ಷಕ್ಕೆ ಲೀಗನ್ನು ಹತ್ತರಿಂದ ಹನ್ನೆರಡು ತಂಡಕ್ಕೆ ಏರಿಸಿದ್ದರಿಂದ ಯಾರೂ ಕೆಳಗೆ ಹೋಗಲಿಲ್ಲ. ಎಂಟನೇ ಪುಟದಲ್ಲಿ ಡಂಡೀ ಬದಲು ಡಂಡೀ ಯುನೈಟೆಡ್ ಅಂತಿದೆ. ಅವು ಬೇರೆ ಬೇರೆ ಕ್ಲಬ್, ಒಂದೇ ಬೀದಿಯಲ್ಲಿ ಎರಡರ ಮೈದಾನ. ಯುನೈಟೆಡ್ ಆ ವರ್ಷ ಮೂರನೇ ಸ್ಥಾನದಲ್ಲಿ ಮುಗಿಸಿತು. ಇಂಥ ತಪ್ಪು ಆ ಊರಿನವರ ಕಣ್ಣಿಗೆ ಬಿದ್ದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಹಾರ್ಟ್ಸ್ ಕ್ಯಾಪ್ಟನ್ ಹೆಸರೂ ಕಿಡ್, ವಾಲ್ಟರ್ ಕಿಡ್. ಇಬ್ಬರು ಕಿಡ್ ಇದ್ದಾರೆ ಅಂತ ಮೊದಲೇ ಹೇಳಿ. ಓದುವಾಗ ನಾನೇ ತಡವರಿಸಿದೆ.

ಆಲ್ಬರ್ಟ್ ಕಿಡ್‌ನನ್ನು ಖಳನಾಯಕ ಅಂದಿದ್ದೀರಿ. ದಯವಿಟ್ಟು ಆ ಪದ ತೆಗೆಯಿರಿ. ತನ್ನ ತಂಡಕ್ಕೆ ಬೇಕಾಗಿದ್ದ ಗೋಲನ್ನು ಹೊಡೆದ ಆಟಗಾರ ಅವನು. ಎಡಿನ್‌ಬರೋದ ಇನ್ನೊಂದು ಕ್ಲಬ್ ಹಿಬ್ಸ್ ಅಭಿಮಾನಿಗಳಿಗೆ ಅವನು ಇಂದಿಗೂ ಆಪ್ತ. ಒಂದೇ ಊರಲ್ಲಿ ಒಂದೇ ಹೆಸರು ಒಂದು ಬೀದಿಯಲ್ಲಿ ನೋವು, ಇನ್ನೊಂದು ಬೀದಿಯಲ್ಲಿ ಖುಷಿ. ನೀವು ಅಲ್ಲೇ ಇದ್ದೀರಿ, ಎರಡೂ ಕಡೆಯವರನ್ನು ಮಾತಾಡಿಸಿ.

ಇನ್ನು ಆ ಕೊನೆಯ ಪ್ಯಾರಾ. ನಿಮ್ಮ ಮನೆಯ ಕೆಳಗಿನ ಮಹಡಿಯ ಅಜ್ಜ. ಅವತ್ತು ಡೆನ್ಸ್ ಪಾರ್ಕ್‌ನಲ್ಲಿ ಇದ್ದವರು. ಮುಂದೆ ನಿಂತವನ ಟ್ರಾನ್ಸಿಸ್ಟರ್‌ನಲ್ಲಿ ಸೆಲ್ಟಿಕ್ ಗೋಲುಗಳ ಸುದ್ದಿ ಕೇಳಿ ಕೇಳಿ ಸಾಕಾಗಿ "ಆಫ್ ಮಾಡಪ್ಪಾ, ನಮಗೆ ನಮ್ಮ ಆಟ ಸಾಕು" ಅಂದರಂತೆ. ಅವನು ಆಫ್ ಮಾಡಿದನಂತೆ. ಆಮೇಲೆ ಕಿಡ್ ಗೋಲು. ಮೂರೇ ಸಾಲಿನಲ್ಲಿ ಇದನ್ನು ಬರೆದು, ಮುಂದಿನ ಸಾಲಿನಲ್ಲಿ "ಹೀಗೆ ಕ್ರೀಡೆ ನಮಗೆ ಜೀವನದ ಪಾಠ ಕಲಿಸುತ್ತದೆ" ಅಂತ ಮುಗಿಸಿದ್ದೀರಿ. ಆ ಪಾಠದ ಸಾಲು ಹೊಡೆದುಹಾಕಿ. ಅಜ್ಜನನ್ನು ಮೊದಲ ಪುಟಕ್ಕೆ ತನ್ನಿ.

ಇನ್ನೊಮ್ಮೆ ಅವರ ಮನೆಗೆ ಹೋಗಿ. ಸುಮ್ನೆ ಟೀ ಕುಡಿದು ಬರುವ ಹಾಗೆ ಹೋಗಿ, ಪ್ರಶ್ನೆಪಟ್ಟಿ ಬೇಡ. ಯಾರ ಜೊತೆ ಹೋಗಿದ್ದರು, ಬಸ್ಸಲ್ಲೋ ರೈಲಲ್ಲೋ, ವಾಪಸ್ ಬರುವಾಗ ಯಾರಾದರೂ ಮಾತಾಡಿದರಾ, ಮನೆಗೆ ಬಂದು ಊಟ ಮಾಡಿದರಾ, ಕೇಳಿ. ಒಂದು ವಾರಕ್ಕೆ, ಮೇ 10ರಂದು, ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಅಬರ್ಡೀನ್ ಕೈಲಿ 3-0 ಸೋತರಲ್ಲ, ಗ್ಲಾಸ್ಗೋದ ಹ್ಯಾಂಪ್ಡನ್‌ಗೂ ಹೋಗಿದ್ದರಾ ಕೇಳಿ. ಹೋಗಿದ್ದರೆ, ಆ ಏಟಿನ ಮೇಲೂ ಯಾಕೆ ಹೋದರು ಅಂತ ಕೇಳಿ. ನನಗಂತೂ ಅದನ್ನು ತಿಳಿದುಕೊಳ್ಳುವ ಆಸೆ ಜಾಸ್ತಿ.

ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದು ನೆನಪಿನಿಂದ ಬರೆದರೆ ನಿಮ್ಮ ಮಾತು ಸೇರಿಬಿಡುತ್ತದೆ. ಹೆಸರು ಹಾಕಬಹುದಾ ಅಂತ ಒಂದು ಮಾತು ಕೇಳಿ, ಬೇಡ ಅಂದರೆ ಬೇಡ. ಹದಿನಾಲ್ಕು ಪುಟ ಏಳಕ್ಕೆ ಇಳಿಯಲಿ. ಎರಡು ತಿಂಗಳು ತೆಗೆದುಕೊಳ್ಳಿ, ನಮಗೆ ಅವಸರವಿಲ್ಲ. ಆ ದಿನದ ಪಂದ್ಯದ ಪುಸ್ತಿಕೆ ಅಜ್ಜನ ಹತ್ತಿರ ಇನ್ನೂ ಇದ್ದರೆ, ಅವರು ಒಪ್ಪಿದರೆ, ಅದರದ್ದೊಂದು ಫೋಟೊ ತೆಗೆದು ಲೇಖನದ ಜೊತೆ ಕಳಿಸಿ.