ಕ್ರಿಕೆಟ್ ಕೀಪರ್ ಬೇಸ್‌ಬಾಲ್ ಕ್ಯಾಚರ್ ಆಗಬಹುದಾ? ವೃತ್ತಿಯಾಗಿ ಅದು ಹೇಗೆ?

ನಿಮ್ಮ ಮಗನಿಗೆ 14 ವರ್ಷ, ಅಮೆರಿಕದಲ್ಲಿ ಹೈಸ್ಕೂಲ್ ಸೇರುತ್ತಿದ್ದಾನೆ, ಇಷ್ಟು ದಿನ ಕ್ರಿಕೆಟ್‌ನಲ್ಲಿ ಕೀಪಿಂಗ್ ಮಾಡಿದವನು ಈಗ ಬೇಸ್‌ಬಾಲ್ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು, ಪಿಚರ್ ಅಂದರೆ ಬೌಲರ್ ಎಸೆದ ಚೆಂಡು ಹಿಡಿಯುವವನು) ಆಗ್ತೀನಿ ಅಂತಾನೆ, ಮುಂದೆ ಇದರಲ್ಲಿ ಬದುಕು ಇದೆಯಾ ಅಂತ ಕೇಳಿದ್ದೀರಿ. ಮೊದಲು ನೋಡಬೇಕಾದ್ದು ಅವನು ಯಾವ ಕೈಯಲ್ಲಿ ಎಸೀತಾನೆ ಅನ್ನೋದು. ಎಡಗೈ ಆದರೆ ಬೇರೆ ಜಾಗ ಹುಡುಕಿ. ಅಮೆರಿಕದ ಅತಿ ಎತ್ತರದ ವೃತ್ತಿಪರ ಹಂತವಾದ ಮೇಜರ್ ಲೀಗ್‌ನಲ್ಲಿ 1989ರಲ್ಲಿ ಬೆನ್ನಿ ಡಿಸ್ಟೆಫಾನೋ ಮೂರು ಪಂದ್ಯ ಆಡಿದ್ದೇ ಎಡಗೈ ಕ್ಯಾಚರ್‌ನ ಕೊನೆ. ಬಲಗೈ ಆದರೆ ಮುಂದೆ ಓದಿ.

ಕೀಪಿಂಗ್‌ನಿಂದ ಅವನು ತರುವ ಆಸ್ತಿ ಎರಡು: ಬ್ಯಾಟ್ ಬೀಸುವಾಗಲೂ ರೆಪ್ಪೆ ಬಡಿಯದ ಕಣ್ಣು, ದಿನವಿಡೀ ಕುಕ್ಕರಗಾಲಲ್ಲಿ ಕೂತು ಏಳುವ ಅಭ್ಯಾಸ. ಬಿಡಬೇಕಾದ್ದು ಕೈಯ ಅಭ್ಯಾಸ, ಅದೇ ಕಷ್ಟ. ಚೆಂಡು ಬಂದಾಗ ಕೈಯನ್ನು ಅದರ ಜೊತೆಗೇ ಹಿಂದಕ್ಕೆ ಬಿಡು ಅಂತ ಕೀಪರ್‌ಗೆ ಹೇಳಿಕೊಡುತ್ತೇವೆ. ಕ್ಯಾಚರ್ ಹಾಗೆ ಮಾಡಿದರೆ ಸ್ಟ್ರೈಕ್ (ಬ್ಯಾಟರ್ ಆಡಬೇಕಾದ ನಿಗದಿತ ಚೌಕದೊಳಗೆ ಬಂದ ಚೆಂಡು) ಆಗಬೇಕಿದ್ದದ್ದು ಅಂಪೈರ್ ಕಣ್ಣಿಗೆ ಹೊರಗೆ ಜಾರಿದಂತೆ ಕಾಣುತ್ತೆ. ಮಂಡಿ ಮಟ್ಟಕ್ಕೆ ಬರುವ ಚೆಂಡು ಇಳಿಯುತ್ತಲೇ ಇರುತ್ತೆ. ಮಿಟ್ (ಕ್ಯಾಚರ್‌ನ ಎಡಗೈ ಗ್ಲೌಸ್) ಅದಕ್ಕಿಂತ ಮೊದಲೇ ಕೆಳಗಿಳಿದು, ಮೇಲಕ್ಕೆ ಬರುತ್ತಾ ಚೆಂಡನ್ನು ಹಿಡಿದು, ಹಿಡಿದಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಹಿಡಿದ ಮೇಲೆ ಒಳಕ್ಕೆ ಎಳೆದರೆ ಅಂಪೈರ್‌ಗೆ ತಕ್ಷಣ ಗೊತ್ತಾಗುತ್ತೆ. ಇದಕ್ಕೆ ಫ್ರೇಮಿಂಗ್ ಅಂತಾರೆ. ಒಂದು ಮಂಡಿ ನೆಲಕ್ಕೂರಿ ಕೂರೋದು ಈಗ ಎಲ್ಲ ಕಡೆ ಬಂದಿರೋದೂ ಇದಕ್ಕೇ, ಮಿಟ್ ಕೆಳಗಿನಿಂದ ಹೊರಡೋಕೆ ಸಲೀಸು.

ಬಲಗೈ ಬರಿಗೈ. ಬೇಸ್ ಮೇಲೆ ಯಾರೂ ಇಲ್ಲದಾಗ ಅದು ಬೂಟಿನ ಹಿಂದೆ ಇರಬೇಕು. ಅಲ್ಲಿ ರನ್ನರ್ (ಓಡಲು ನಿಂತ ಎದುರಾಳಿ) ಇದ್ದರೆ ಮಿಟ್‌ನ ಹಿಂದೆ, ಹೆಬ್ಬೆರಳು ಮುಷ್ಟಿಯೊಳಗೆ ಮಡಚಿ. ಕೀಪರ್‌ಗಳು ಎರಡು ಕೈ ಸೇರಿಸಿ ಹಿಡಿದು ರೂಢಿ ಆದವರು, ಆ ರೂಢಿಯಲ್ಲೇ ಬಲಗೈ ಮುಂದಕ್ಕೆ ಬರುತ್ತೆ. ಬ್ಯಾಟಿನ ಅಂಚಿಗೆ ಸವರಿ ಬಂದ ಚೆಂಡು ತಗುಲಿದರೆ ಬೆರಳು ಮುರಿಯುತ್ತೆ. ನೆಲಕ್ಕೆ ಬಿದ್ದು ಬರುವ ಪಿಚ್ ಅನ್ನು ಹಿಡಿಯೋಕೆ ಹೋಗಲೇಬಾರದು. ಮೊದಲು ಮಿಟ್ ಎರಡು ಮಂಡಿಗಳ ಮಧ್ಯೆ ನೆಲಕ್ಕೆ, ಆಮೇಲೆ ಮಂಡಿ, ಗದ್ದ ಎದೆಗೆ, ಭುಜ ಮುಂದಕ್ಕೆ ಬಗ್ಗಿಸಿ. ಚೆಂಡು ಎದೆಗೆ ಬಡಿದು ಮುಂದೆಯೇ ಬಿದ್ದರೆ ಕೆಲಸ ಆಯ್ತು. ಮುಖ ಪಕ್ಕಕ್ಕೆ ತಿರುಗಿಸುವ ಹುಡುಗರಿಗೆ ಏಟು ಬೀಳೋದು ಮಾಸ್ಕ್ ಇಲ್ಲದ ಕಡೆ, ಕಿವಿಯ ಕೆಳಗೆ, ಕುತ್ತಿಗೆಗೆ.

ರನ್ನರ್ ಎರಡನೇ ಬೇಸ್ ಕದಿಯೋಕೆ, ಅಂದರೆ ಚೆಂಡು ಹೊಡೆಯದೆಯೇ ಮುಂದಿನ ಬೇಸ್ ಸೇರೋಕೆ, ಓಡಿದಾಗಿನ ಲೆಕ್ಕವನ್ನು ಅವನ ಜೊತೆ ಕೂತು ನೋಡಿ. ಒಳ್ಳೆ ಓಟಗಾರನಿಗೆ ಸುಮಾರು 3.3ರಿಂದ 3.5 ಸೆಕೆಂಡ್ ಬೇಕು. ಪಿಚರ್ ಕಾಲೆತ್ತಿದಾಗಿನಿಂದ ಚೆಂಡು ಮಿಟ್ ಸೇರೋಕೆ 1.3 ಸೆಕೆಂಡ್. ಚೆಂಡು ಮಿಟ್‌ಗೆ ಬಡಿದಾಗಿನಿಂದ 127 ಅಡಿ ಆಚೆಯ ಎರಡನೇ ಬೇಸ್ ಮುಟ್ಟುವವರೆಗಿನ ಸಮಯಕ್ಕೆ ಪಾಪ್ ಟೈಮ್ ಅಂತ ಹೆಸರು, ಮೇಜರ್ ಲೀಗ್‌ನಲ್ಲಿ ಅದು ಸರಾಸರಿ 2.0. ಅದರಲ್ಲಿ ಸುಮಾರು 0.7 ಚೆಂಡು ಮಿಟ್‌ನಿಂದ ಕೈಗೆ ಬಂದು ಬಿಡುಗಡೆಯಾಗೋಕೆ ಹೋಗುತ್ತೆ. ಹುಡುಗರು ತೋಳಿನ ಬಲ ಹೆಚ್ಚಿಸೋಕೆ ಒದ್ದಾಡುತ್ತಾರೆ, ಆದರೆ ಬೇಗ ಸುಧಾರಿಸೋದು ಈ 0.7. ಬಲಗಿವಿಯ ಹತ್ತಿರ ಮಿಟ್ ತಂದು ಅಲ್ಲಿ ಚೆಂಡು ಬದಲಿಸುವ ಅಭ್ಯಾಸ, ಎಸೆಯದೇ ದಿನಕ್ಕೆ 50 ಸಲ. ಇನ್ನೊಂದು ಮಾತು: ಪಿಚರ್ 1.6 ತಗೊಂಡರೆ ಎಂಥ ಕ್ಯಾಚರ್‌ಗೂ ಆಗಲ್ಲ. ತಪ್ಪು ಯಾರದ್ದು ಅಂತ ಸ್ಟಾಪ್‌ವಾಚ್ ಹಿಡಿದು ನೋಡಿ, ಮಗನನ್ನು ಬೈಯೋಕೆ ಮುಂಚೆ.

ಸಾಮಾನಿನಲ್ಲಿ ಉಳಿತಾಯ ಬೇಡ. ಈ ವಯಸ್ಸಿಗೆ 33 ಇಂಚಿನ ಆಸುಪಾಸಿನ ಮಿಟ್, ಗಂಟಲು ಮುಚ್ಚುವ ಮಾಸ್ಕ್, ತೊಡೆಸಂದಿ ಕಾಯುವ ಕಪ್. ಎದೆಕವಚದ ಮೇಲೆ ನಾಕ್‌ಸಿ (NOCSAE) ಸುರಕ್ಷತಾ ಗುರುತು ಇದೆಯಾ ನೋಡಿಯೇ ತಗೊಳ್ಳಿ. ಚೆಂಡು ಎದೆಗೆ ಬಡಿದು ಹೃದಯ ನಿಲ್ಲುವ ಅಪಾಯ ತಡೆಯೋಕೆ 2020ರಿಂದ ಅದು ಹೈಸ್ಕೂಲ್‌ನಲ್ಲಿ ಕಡ್ಡಾಯ. ಒಂದೇ ದಿನ ಪಿಚಿಂಗ್ ಮತ್ತು ಕ್ಯಾಚಿಂಗ್ ಎರಡನ್ನೂ ಮಾಡಿಸಲು ಕೋಚ್ ಕೇಳಿದರೆ ಬೇಡ ಅನ್ನಿ. ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸ್ ಎಸೀತಾನೆ, ಅವನ ಮೊಣಕೈ ಆಗಲೇ ದಣಿದಿರುತ್ತೆ.

ವೃತ್ತಿ ಮುಗಿಯೋದು ಮಂಡಿಯಿಂದ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ಭಯ ತಲೆಯದು. ಮಿನೆಸೋಟಾದ ಜೋ ಮಾವರ್ ಕ್ಯಾಚರ್ ಆಗಿದ್ದುಕೊಂಡೇ 2006, 2008, 2009ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಬ್ಯಾಟಿಂಗ್ ಪಟ್ಟ ಗೆದ್ದವನು. 2013ರ ಆಗಸ್ಟ್‌ನಲ್ಲಿ ಬ್ಯಾಟಿಗೆ ಸವರಿ ಬಂದು ಮಾಸ್ಕ್‌ಗೆ ಬಡಿದ ಒಂದು ಚೆಂಡಿನಿಂದ (ಫೌಲ್ ಟಿಪ್) ಮಿದುಳಿಗೆ ಪೆಟ್ಟಾಯ್ತು, ಮುಂದಿನ ವರ್ಷದಿಂದ ಮೊದಲ ಬೇಸ್‌ಗೆ ಹೋಗಬೇಕಾಯ್ತು. ಕ್ಯಾಚರ್ ಬಸ್ಟರ್ ಪೋಸಿಯ ಕಾಲು 2011ರಲ್ಲಿ ಹೋಮ್ ಪ್ಲೇಟ್ (ರನ್ ಮುಗಿಸಲು ರನ್ನರ್ ಮುಟ್ಟಬೇಕಾದ ಜಾಗ) ಹತ್ತಿರ ರನ್ನರ್ ಡಿಕ್ಕಿ ಹೊಡೆದು ಮುರಿಯಿತು. 2014ರಲ್ಲಿ ಅಂಥ ಡಿಕ್ಕಿಗೆ ಕಡಿವಾಣ ಹಾಕುವ ನಿಯಮ ಬಂತು. ಈಗಿನ ಅಪಾಯ ಫ್ರೇಮಿಂಗ್‌ನಿಂದಲೇ ಹುಟ್ಟಿದ್ದು: ಕೆಳಗಿನ ಚೆಂಡನ್ನು ಬೇಗ ಹಿಡಿಯೋಕೆ ಬ್ಯಾಟರ್‌ಗೆ ತೀರಾ ಹತ್ತಿರ ಕೂರೋದು. 2024ರ ಮೇ ತಿಂಗಳಲ್ಲಿ ಕ್ಯಾಚರ್ ವಿಲ್ಸನ್ ಕಾಂಟ್ರೆರಾಸ್‌ನ ಎಡ ಮುಂಗೈ ಮುರಿದದ್ದು ಬ್ಯಾಟ್ ಬೀಸುವ ದಾರಿಗೆ ಮಿಟ್ ಹೋಗಿದ್ದರಿಂದ.

ದುಡ್ಡಿನ ವಿಷಯ. ಹೈಸ್ಕೂಲ್ ಅಥವಾ ಕಾಲೇಜಿನಿಂದ ಜುಲೈನ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು), 20 ಸುತ್ತು. ಆಮೇಲೆ ಮೈನರ್ ಲೀಗ್‌ನ ಮೆಟ್ಟಿಲುಗಳು. 2023ರ ಒಪ್ಪಂದದ ಪ್ರಕಾರ ಅಲ್ಲಿ ವರ್ಷಕ್ಕೆ ತಳದಲ್ಲಿ 19,800 ಡಾಲರ್, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಮಟ್ಟದಲ್ಲಿ 35,800. ಮೇಜರ್ ಲೀಗ್ ಮುಟ್ಟಿದರೆ 2025ರಲ್ಲಿ ಕನಿಷ್ಠ 7,60,000. ನಡುವಿನ ಆ ಕಂದಕದಲ್ಲೇ ಬಹಳ ಜನ ಉಳಿದುಬಿಡ್ತಾರೆ, ಹಾಗಾಗಿ ಕಾಲೇಜು ಓದು ಬಿಡಿಸಬೇಡಿ. ಕ್ಯಾಚರ್ ಎರಿಕ್ ಕ್ರಾಟ್ಜ್ ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ ಆಡುವಾಗ 30 ದಾಟಿತ್ತು.

ಆದರೆ ಪಿಚರ್ ಬಿಟ್ಟರೆ, ಬ್ಯಾಟಿಂಗ್ ಬರದಿದ್ದರೂ ಬದುಕಬಹುದಾದ ಜಾಗ ಇದೊಂದೇ. ಜೆಫ್ ಮ್ಯಾಥಿಸ್‌ನ ಬ್ಯಾಟಿಂಗ್ ಸರಾಸರಿ .194, ಅಂದರೆ ಹತ್ತು ಪ್ರಯತ್ನಕ್ಕೆ ಎರಡು ಹಿಟ್ ಕೂಡ ಇಲ್ಲ. ಬೇರೆ ಜಾಗದಲ್ಲಿ ಅಂಥವನನ್ನು ಒಂದು ವರ್ಷವೂ ಇಟ್ಟುಕೊಳ್ಳಲ್ಲ, ಕ್ಯಾಚರ್ ಆಗಿ 17 ಸೀಸನ್ ಆಡಿದ. ಯಾಕೆಂದರೆ 26 ಜನರ ತಂಡದಲ್ಲಿ 13 ಜನರವರೆಗೆ ಪಿಚರ್‌ಗಳೇ. ಅವರಲ್ಲಿ ಯಾರ ಸ್ಲೈಡರ್ (ಪಕ್ಕಕ್ಕೆ ತಿರುಗುವ ಚೆಂಡು) ಇವತ್ತು ತಿರುಗುತ್ತಿಲ್ಲ, ಯಾರು ಸಿಟ್ಟಾದಾಗ ಎತ್ತರಕ್ಕೆ ಎಸೀತಾನೆ ಅಂತ ಬಲ್ಲವನಿಗೆ ಬೆಲೆ ಇದ್ದೇ ಇದೆ. ಯಾಡಿಯರ್ ಮೊಲೀನಾ ಸೇಂಟ್ ಲೂಯಿಸ್‌ನಲ್ಲಿ 2004ರಿಂದ 2022ರವರೆಗೆ 19 ಸೀಸನ್ ನಿಂತದ್ದು ಇದೇ ಬಲದ ಮೇಲೆ. ಆಟ ಬಿಟ್ಟ ಮೇಲೂ ಈ ತಿಳುವಳಿಕೆ ಅನ್ನ ಕೊಡುತ್ತೆ: 2022ರಲ್ಲಿ ನಿವೃತ್ತನಾದ ಕ್ಯಾಚರ್ ಸ್ಟೀಫನ್ ವೋಟ್ 2024ಕ್ಕೆ ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್ (ಮುಖ್ಯ ಕೋಚ್) ಆದ.

2026ರಿಂದ ಮೇಜರ್ ಲೀಗ್‌ನಲ್ಲಿ ಚೆಂಡು ಸ್ಟ್ರೈಕ್ ಹೌದೋ ಅಲ್ಲವೋ ಅನ್ನುವ ಅಂಪೈರ್ ತೀರ್ಪನ್ನು ಕ್ಯಾಮೆರಾದ ಮುಂದೆ ಪ್ರಶ್ನಿಸಬಹುದು. ತಂಡಕ್ಕೆ ಎರಡು ಅವಕಾಶ, ಸರಿಯಾದರೆ ಉಳಿಯುತ್ತೆ, ತಪ್ಪಾದರೆ ಹೋಗುತ್ತೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ, ಅದರಲ್ಲಿ ಕ್ಯಾಚರ್‌ಗೆ ಚೆಂಡು ಕೈಗೇ ಬರುತ್ತೆ. ಆದ್ದರಿಂದ ಫ್ರೇಮಿಂಗ್ ಜೊತೆಗೆ ಇದನ್ನೂ ಈಗಿಂದಲೇ ಶುರುಮಾಡಿಸಿ: ಅಭ್ಯಾಸದಲ್ಲಿ ಪ್ರತಿ ಚೆಂಡು ಹಿಡಿದ ಕೂಡಲೇ ಅವನು ಜೋರಾಗಿ ‘ಒಳಗೆ’ ಅಥವಾ ‘ಹೊರಗೆ’ ಅನ್ನಲಿ, ನೀವು ಹಿಂದಿನಿಂದ ಫೋನಿನಲ್ಲಿ ವೀಡಿಯೊ ಮಾಡಿ, ಸಂಜೆ ಇಬ್ಬರೂ ಕೂತು ತಾಳೆ ನೋಡಿ.