ಗುಂಪಿನವರ ಜೊತೆ ಆಗುಂಬೆಗೆ ಹೋಗಲಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಫೋನಿನಲ್ಲಿ ಸಿಕ್ಕಿದ ಗೆಳೆಯರು, ಎದುರಿಗೆ ಸಿಗುವ ಹೆದರಿಕೆ. ಒಟ್ಟಿಗೇ ಉತ್ತರಿಸುತ್ತೇನೆ.

ಪ್ರಶ್ನೆ: ಅಕ್ಕಾ, ನನಗೆ 44 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಶಂಕರ್ ನಾಗ್ ಅಂದರೆ ಪ್ರಾಣ. ಕೊರೊನಾ ಸಮಯದಲ್ಲಿ ಅವರ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಸೇರಿದೆ. ನನಗೆ ಆಪರೇಷನ್ ಆದಾಗ ನೆಂಟರಿಗಿಂತ ಮೊದಲು ಫೋನ್ ಮಾಡಿದ್ದು ಈ ಗುಂಪಿನವರು. ಈಗ ಹನ್ನೊಂದು ಜನ ಸೇರಿ ಸೆಪ್ಟೆಂಬರ್ 30ಕ್ಕೆ, ಅಂದರೆ ಅವರು ತೀರಿಕೊಂಡ ದಿನ, ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಣವಾದ ಅರಸಾಳು ಮತ್ತು ಆಗುಂಬೆಗೆ ಹೋಗೋಣ ಅಂತಿದ್ದಾರೆ. ಯಾರನ್ನೂ ಎದುರಿಗೆ ನೋಡಿಲ್ಲ. ನಮ್ಮ ಯಜಮಾನರು "ಮುಖ ನೋಡದವರ ಜೊತೆ ಎಂಥ ಟೂರು?" ಅನ್ನುತ್ತಾರೆ. ನನಗೂ ಬರೆಯುವಾಗ ಇರುವ ಧೈರ್ಯ ಎದುರಿಗೆ ಇರುವುದಿಲ್ಲ, ಬಾಯೇ ಕಟ್ಟಿಹೋಗುತ್ತದೆ. ಹೋಗಲಾ, ಬೇಡವಾ?
— ಹೆಸರು ಬೇಡ, ಗುಬ್ಬಿ

ಉತ್ತರ: ಹೋಗಿ ತಂಗೀ. ಆದರೆ ಮೊದಲು ಆಗುಂಬೆಗಲ್ಲ, ಕ್ಯಾತ್ಸಂದ್ರಕ್ಕೆ.

ಹನ್ನೊಂದು ಜನರಲ್ಲಿ ತುಮಕೂರು, ಬೆಂಗಳೂರು ಕಡೆಯವರು ನಾಲ್ಕು ಜನವಾದರೂ ಇರುತ್ತಾರೆ ಅಲ್ವಾ? ಒಂದು ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನೋಣ ಬನ್ನಿ ಅಂತ ಕರೆಯಿರಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ಆಮೇಲೆ ದೇವರಾಯನದುರ್ಗ ಹತ್ತಿ, ನಾಮದ ಚಿಲುಮೆ ನೋಡಿ, ಮಧ್ಯಾಹ್ನಕ್ಕೆ ಮನೆ ಸೇರಿ. ಇಷ್ಟರಲ್ಲಿ ತಿಳಿಯಬೇಕಾದ್ದು ತಿಳಿದಿರುತ್ತದೆ. ಬಿಲ್ ಬಂದ ತಕ್ಷಣ ಯಾರಿಗೆ ಫೋನ್ ಬರುತ್ತದೆ, ಇಡ್ಲಿ ತಂದುಕೊಟ್ಟ ಹುಡುಗನ ಮೇಲೆ ಯಾರು ರೇಗುತ್ತಾರೆ, ಒಂದು ಗಂಟೆ ತಡವಾಗಿ ಬಂದು ಯಾರು ಹಲ್ಲು ಕಿರಿಯುತ್ತಾರೆ. ಇದ್ಯಾವುದೂ ಗುಂಪಿನಲ್ಲಿ ಕಾಣುವುದಿಲ್ಲ. ಅಲ್ಲಿ ಎಲ್ಲರೂ ಶಂಕರಣ್ಣನ ಭಕ್ತರು, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು. ಶಾಲಾ ಪ್ರವಾಸದ ಜವಾಬ್ದಾರಿ ಯಾವಾಗಲೂ ನನ್ನ ತಲೆಗೇ. ಕ್ಲಾಸಿನಲ್ಲಿ ಮಾದರಿ ಅನ್ನಿಸಿಕೊಂಡ ಮಕ್ಕಳು ಕಿಟಕಿ ಸೀಟಿಗಾಗಿ ಜಡೆ ಹಿಡಿದು ಜಗಳ ಆಡುತ್ತಿದ್ದರು. ಬಾಯಿ ಬಿಡದ ಹುಡುಗಿ ವಾಂತಿ ಮಾಡಿದವಳ ತಲೆ ಹಿಡಿದು ರಾತ್ರಿಯೆಲ್ಲ ಕೂತಿರುತ್ತಿದ್ದಳು. ನಮ್ಮ ಮೇಷ್ಟ್ರುಗಳ ಕಥೆ ಬರೆಯಲು ಈ ಅಂಕಣ ಸಾಲುವುದಿಲ್ಲ.

ಯಜಮಾನರ ಮಾತು ತೆಗೆದುಹಾಕುವಂಥದ್ದಲ್ಲ. ಗುಂಪಿನ ಇಬ್ಬರು ಹೆಂಗಸರ ಮನೆ ನಂಬರು, ಟಿಕೆಟಿನ ಫೋಟೊ, ಉಳಿಯುವ ಜಾಗದ ಹೆಸರು ಅವರ ಕೈಯಲ್ಲಿರಲಿ. ಇನ್ನು ಮದುವೆಗೆ ಮೊದಲು ಅವರ ಮುಖವನ್ನೇ ನೀವು ಎಷ್ಟು ಸಲ ನೋಡಿದ್ದಿರೋ! ಇದನ್ನು ಅವರಿಗೆ ಓದಿ ಹೇಳಬೇಡಿ.

ಈಗ ಪ್ಲಾನ್ ವಿಷಯ. ಸೆಪ್ಟೆಂಬರ್ ಬೇಡ. ಆಗುಂಬೆಯಲ್ಲಿ ಆಗ ಇನ್ನೂ ಮಳೆ, ಕಾಲಿಗೆ ಇಂಬಳ. ಸೂರ್ಯಾಸ್ತ ನೋಡೋಕೆ ನಿಂತರೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಶಂಕರಣ್ಣ ಹುಟ್ಟಿದ ದಿನ ನವೆಂಬರ್ 9 ಅಲ್ವಾ? ಅದನ್ನು ಹಿಡಿಯಿರಿ. ಅಷ್ಟರಲ್ಲಿ ಮಳೆ ಹಿಂದೆ ಸರಿದಿರುತ್ತದೆ. ತೀರಿಕೊಂಡ ದಿನಕ್ಕಿಂತ ಹುಟ್ಟಿದ ದಿನ ಹೋಗುವುದು ನನ್ನ ಮನಸ್ಸಿಗೂ ಹಿತ.

ಅರಸಾಳು ಮತ್ತು ಆಗುಂಬೆ ಒಂದೇ ದಾರಿಯಲ್ಲಿಲ್ಲ ಅನ್ನುವುದು ನಿಮ್ಮ ಗುಂಪಿಗೆ ಗೊತ್ತಾ? ನಿಮ್ಮೂರಿನ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಶಿವಮೊಗ್ಗ, ಸಾಗರ ದಾಟಿ ಶಂಕರ್ ನಾಗ್ ಹುಟ್ಟಿದ ಹೊನ್ನಾವರ ಸೀಮೆಗೇ ಹೋಗಿ ಮುಟ್ಟುತ್ತದೆ. ಅರಸಾಳು ಇರುವುದು ಆ ದಿಕ್ಕಿಗೆ, ಶಿವಮೊಗ್ಗ–ತಾಳಗುಪ್ಪ ರೈಲು ದಾರಿಯಲ್ಲಿ. 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದು ಇದೇ ಅರಸಾಳು ಸ್ಟೇಷನ್. ಆ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಆಗುಂಬೆಗೆ ಹೋಗಬೇಕಾದರೆ ಬೇರೆ ದಿಕ್ಕಿಗೆ ತಿರುಗಿ ತೀರ್ಥಹಳ್ಳಿ ದಾರಿ ಹಿಡಿಯಬೇಕು. ಒಂದೇ ದಿನ ಎರಡೂ ಅಂದರೆ ಬರೀ ಸೀಟು ಸವೆಸಿದ ಹಾಗೆ. ಎರಡು ದಿನ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ರಾತ್ರಿ ಹೊರಡುವ ತಾಳಗುಪ್ಪ ರೈಲು ತುಮಕೂರಿನ ಮೇಲೇ ಹೋಗುತ್ತದೆ. ಅರಸಾಳಿನಲ್ಲಿ ಯಾವ ರೈಲು ನಿಲ್ಲುತ್ತದೆ ಅಂತ ಮೊದಲೇ ವಿಚಾರಿಸಿ. ಒಂದು ಟಿಕೆಟಿನಲ್ಲಿ ಆರು ಜನಕ್ಕಿಂತ ಜಾಸ್ತಿ ಬುಕ್ ಆಗುವುದಿಲ್ಲ, ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಂದರೆ ಯಾರೋ ಒಬ್ಬರು ಎರಡು ತಿಂಗಳು ಮೊದಲೇ ಜೇಬಿನಿಂದ ಹಾಕಬೇಕು. ಆ ಒಬ್ಬರು ನೀವಾಗಬೇಡಿ. ದುಡ್ಡು ಕೈಗೆ ಬಂದ ಮೇಲೇ ಟಿಕೆಟ್. ಹನ್ನೊಂದು ಜನ ಆಗ ಏಳಾಗುತ್ತಾರೆ ನೋಡಿ. ಬೇಜಾರು ಬೇಡ, ಏಳು ಜನ ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಕಾಲು ಚಾಚಿ ಹೋಗಬಹುದು. ಯಾರ ರೂಮಿನಲ್ಲಿ ಯಾರು ಮಲಗುತ್ತಾರೆ ಅನ್ನುವುದನ್ನೂ ಹೊರಡುವ ಮೊದಲೇ ಕೇಳಿ. ಅದನ್ನು ಕೇಳೋಕೆ ಸಂಕೋಚ ಪಟ್ಟರೆ ರಾತ್ರಿ ಹತ್ತು ಗಂಟೆಗೆ ಲಾಡ್ಜಿನ ಮೆಟ್ಟಿಲ ಮೇಲೆ ಪಡಬೇಕಾಗುತ್ತದೆ.

ಆಗುಂಬೆಯ ದೊಡ್ಡಮನೆ, ಧಾರಾವಾಹಿಯಲ್ಲಿ ಸ್ವಾಮಿ ಅನ್ನುವ ಹುಡುಗನ ಮನೆಯಾಗಿದ್ದದ್ದು, ಸಿನಿಮಾ ಸೆಟ್ ಅಲ್ಲ. ಅದು ಒಂದು ಸಂಸಾರದ ಮನೆ. ಮೊದಲೇ ವಿಚಾರಿಸಿ, ಒಪ್ಪಿದರೆ ಹೋಗಿ. ಎಲ್ಲರೂ ಫೋನ್ ಎತ್ತಿಕೊಂಡು ಒಟ್ಟಿಗೆ ಜಗಲಿ ಹತ್ತಬೇಡಿ.

ಬಾಯಿ ಕಟ್ಟುವುದಕ್ಕೆ ಒಂದು ಉಪಾಯ ಇದೆ. ಮಿಕ್ಕಿದ ಬ್ಲೌಸ್ ಪೀಸಿನಲ್ಲಿ ಎಲ್ಲರಿಗೂ ಒಂದೊಂದು ಪುಟ್ಟ ಚೀಲ ಹೊಲಿದುಕೊಂಡು ಹೋಗಿ. ರೈಲಿನಲ್ಲಿ ಹಂಚಿ. ಯಾವ ಬಣ್ಣ ಯಾರಿಗೆ ಅನ್ನುವ ಜಗಳದಲ್ಲೇ ಅರಸೀಕೆರೆ ಬಂದಿರುತ್ತದೆ.

ಪ್ರಶ್ನೆ: ಅಪ್ಪು ಅಭಿಮಾನಿಗಳ ಇನ್‌ಸ್ಟಾ ಗುಂಪಿನ ಒಬ್ಬ ಗೆಳೆಯನ ಜೊತೆ ದಿನಾ ಚಾಟ್ ಮಾಡುತ್ತೇನೆ. ಮಾರ್ಚ್ 17ಕ್ಕೆ ಕಂಠೀರವ ಸ್ಟುಡಿಯೋ ಹತ್ತಿರ ಮೊದಲ ಸಲ ಸಿಕ್ಕಿದೆವು. ಚಾಟ್‌ನಲ್ಲಿ ನಗಿಸಿ ಸಾಯಿಸುವವನು ಹ್ಞೂಂ, ಉಹ್ಞೂಂ ಬಿಟ್ಟು ಮಾತೇ ಆಡಲಿಲ್ಲ. ಬೇಗ ಹೊರಟೂ ಹೋದ. ರಾತ್ರಿ ಮತ್ತೆ ಮೊದಲಿನ ಹಾಗೇ ಜೋಕು. ಇದು ನಾಟಕವಾ?
— ಶಿರಾದ ಯುವಕ, 26

ಉತ್ತರ: ನಾಟಕ ಅಲ್ಲಪ್ಪಾ. ಅಪ್ಪು ಹುಟ್ಟಿದ ದಿನ ಸಮಾಧಿ ಹತ್ತಿರ ಭೇಟಿ ಅಂದರೆ ಜಾತ್ರೆಯಲ್ಲಿ ಹೆಣ್ಣು ನೋಡಿದ ಹಾಗೆ. ಬಿಸಿಲು, ಸಾಲು, ಜೈಕಾರ. ಅಲ್ಲಿ ಯಾರಿಗೆ ಮಾತು ಬರುತ್ತದೆ? ಕೆಲವರಿಗೆ ಜೋಕು ಹೊಳೆಯೋಕೆ ಎರಡು ನಿಮಿಷ ಬೇಕು. ಚಾಟ್‌ನಲ್ಲಿ ಆ ಎರಡು ನಿಮಿಷ ಸಿಗುತ್ತದೆ, ಎದುರಿಗೆ ಸಿಗುವುದಿಲ್ಲ. ಬೇಗ ಹೋಗಿದ್ದೂ ನಿನ್ನ ಮೇಲಿನ ಬೇಸರಕ್ಕೆ ಇರಲಾರದು. ಅವನಿಗೂ ನಿನ್ನಷ್ಟೇ ಮುಜುಗರ ಆಗಿರಬಹುದು.

ಇನ್ನೊಂದು ಸಲ ಸಿಗಿ, ಇಬ್ಬರೇ. ತುಮಕೂರಿಗೆ ಕರೆದು ಅಮಾನಿಕೆರೆ ಹತ್ತಿರ ಒಂದು ಸುತ್ತು ನಡೆಯಿರಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡುವ ಕಷ್ಟ ಇರುವುದಿಲ್ಲ, ಮಾತು ತಾನಾಗಿ ಬರುತ್ತದೆ. ಹೋಟೆಲಿನಲ್ಲಿ ಎದುರುಬದುರು ಕೂತರೆ ಇಂಟರ್‌ವ್ಯೂ ಆಗಿಬಿಡುತ್ತದೆ. ಆಗಲೂ ಅವನು ಉಹ್ಞೂಂ ಅಂದರೆ ಚಾಟ್ ಗೆಳೆಯನಾಗಿಯೇ ಇರಲಿ ಬಿಡು. ಮೈಸೂರಿಗೆ ಟ್ರಿಪ್ ಹಾಕುವಾಗ ಬೇರೆಯವರನ್ನು ಹುಡುಕಿಕೋ.

ಪ್ರಶ್ನೆ: ಮಗಳಿಗೆ 19. ಬಿಟಿಎಸ್ ಅಂತ ಕೊರಿಯಾದ ಹುಡುಗರ ಹಾಡಿನ ಹುಚ್ಚು. ಆ ಗುಂಪಿನ ಹುಡುಗಿಯರನ್ನು ನೋಡೋಕೆ ಬೆಂಗಳೂರಿಗೆ ಹೋಗುತ್ತೇನೆ ಅಂತ ಹಟ. ಕಳಿಸಲಾ?
— ತಾಯಿ, ತುಮಕೂರು

ಉತ್ತರ: ಕಳಿಸಿ. ಬೇಡ ಅಂದರೂ ಹೋಗುತ್ತಾಳೆ, ಹೇಳದೆ ಹೋಗುತ್ತಾಳೆ. ಹಗಲು ಹೊತ್ತು, ಜನ ಇರುವ ಜಾಗ, ಮೆಟ್ರೋ ಹತ್ತಿರ ಇರಲಿ. ಕೊನೇ ಗಳಿಗೆಯಲ್ಲಿ "ಇಲ್ಲಿ ಬೇಡ, ಒಬ್ಬರ ರೂಮಿಗೆ ಹೋಗೋಣ" ಅಂತ ಜಾಗ ಬದಲಾದರೆ ಅಲ್ಲಿಂದಲೇ ವಾಪಸ್. ಇದೊಂದರಲ್ಲಿ ರಿಯಾಯಿತಿ ಬೇಡ. 112 ನಂಬರ್ ಫೋನಿನಲ್ಲಿ ಇರಲಿ.

ಮೊದಲ ಸಲ ನೀವೂ ಅದೇ ರೈಲಿನಲ್ಲಿ ಹೋಗಿ. ಅವಳ ಗೆಳತಿಯರ ಪಕ್ಕದ ಟೇಬಲ್‌ನಲ್ಲಿ ಮಾತ್ರ ಕೂರಬೇಡಿ. ಮಲ್ಲೇಶ್ವರದಲ್ಲಿ ಹೂವು, ಸೀರೆ ನೋಡಿಕೊಂಡು ಸಂಜೆ ಯಶವಂತಪುರದಲ್ಲಿ ಸಿಗಿ. ಹೋಗುವಾಗ ದಾರಿಯಲ್ಲಿ, ಆ ಏಳು ಹುಡುಗರಲ್ಲಿ ನಿನಗೆ ಯಾರು ಇಷ್ಟ ಅಂತ ಸುಮ್ನೆ ಕೇಳಿ. ಅವಳ ಉತ್ತರ ಮುಗಿಯುವಷ್ಟರಲ್ಲಿ ಸೋಲದೇವನಹಳ್ಳಿ ದಾಟಿರುತ್ತದೆ.