ಮೆರವಣಿಗೇಲಿ ಸದ್ದು ಸಾಲಲ್ಲ ಅಂತ 7ನೇ ನಂಬರ್ ಮೌತ್‌ಪೀಸ್ ತಗೊಳ್ಳೋ ಮುಂಚೆ

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಆಲ್ಟೋ ಸ್ಯಾಕ್ಸೋಫೋನ್, ಅದರ ಜೊತೆಗೇ ಬಂದ ಯಮಹಾ 4ಸಿ ಮೌತ್‌ಪೀಸ್, ರೀಡ್ (ಮೌತ್‌ಪೀಸಿಗೆ ಕಟ್ಟೋ, ಕಂಪಿಸೋ ತೆಳು ಪಟ್ಟಿ) ಎರಡೂವರೆ ನಂಬರ್; ರೀಡಿನ ನಂಬರ್ ಏರಿದಷ್ಟೂ ಅದು ಗಟ್ಟಿ. ದಾವಣಗೆರೆಯ ಕಲ್ಯಾಣ ಮಂಟಪದೊಳಗೆ ಚೆನ್ನಾಗಿ ಕೇಳುತ್ತೆ, ಮೆರವಣಿಗೆಗೆ ರಸ್ತೆಗಿಳಿದರೆ ಡೋಲಿನ ಮುಂದೆ ಮುಳುಗಿಹೋಗುತ್ತೆ. ಯಾರೋ ಸೆಕೆಂಡ್ ಹ್ಯಾಂಡ್ ಮೆಟಲ್ 7ನೇ ನಂಬರ್ ಕೊಡ್ತೀನಿ ಅಂದಿದ್ದಾರೆ, ತಗೊಳ್ಳಲಾ ಅಂತ. ಊದಿ ನೋಡದೆ ತಗೋಬೇಡ್ರಿ.

ಮೊದಲು ವಾದ್ಯ ನೋಡ್ಕೊಳ್ರಿ. ಕೆಳಗಿನ ಸ್ವರಗಳು ತಡವರಿಸ್ತಾ ಇದ್ರೆ ಅದು ಪ್ಯಾಡ್ (ತೂತು ಮುಚ್ಚೋ ಮೆತ್ತೆ) ಸೋರಿಕೆ ಇರಬಹುದು, ಮೌತ್‌ಪೀಸ್ ಬದಲಾಯಿಸಿದ್ರೆ ಹೋಗಲ್ಲ. ರಾತ್ರಿ ಕೋಣೆ ಕತ್ತಲೆ ಮಾಡಿ, ದೀಪಾವಳಿ ಸೀರಿಯಲ್ ಸೆಟ್ಟಿನ ತೆಳ್ಳನೆಯ ಎಲ್‌ಇಡಿ ಎಳೆಯನ್ನ ಒಳಗೆ ಇಳಿಬಿಟ್ಟು ಕೀಗಳನ್ನ ಹಗುರವಾಗಿ ಒತ್ತಿರಿ. ಪ್ಯಾಡಿನ ಅಂಚಲ್ಲಿ ಬೆಳಕು ಇಣುಕಿದ್ರೆ ದುಡ್ಡು ರಿಪೇರಿಗೆ ಹಾಕ್ರಿ.

ಇನ್ನು ನಂಬರ್ ವಿಷಯ. ಒಂದು ಕಂಪನಿಯ 5 ಇನ್ನೊಂದು ಕಂಪನಿಯ 5 ಅಲ್ಲ. ರೀಡಿನ ತುದಿಗೂ ಮೌತ್‌ಪೀಸ್ ತುದಿಗೂ ನಡುವಿನ ಸಂದು, ಅಂದ್ರೆ ಟಿಪ್ ಓಪನಿಂಗ್, ಆಲ್ಟೋದಲ್ಲಿ ಯಮಹಾ 4ಸಿಗೆ 1.60 ಮಿ.ಮೀ., ಯಮಹಾ 5ಸಿಗೆ 1.70. ಮೆಯರ್ ಕಂಪನಿಯ 5 ಅಂದ್ರೆ ಸುಮಾರು 1.80. 0.1 ಮಿ.ಮೀ. ಅಂದ್ರೆ ಒಂದು ಝೆರಾಕ್ಸ್ ಹಾಳೆಯ ದಪ್ಪ. ಅಷ್ಟು ಹೆಚ್ಚಾದ್ರೂ ತುಟಿಗೆ ಗೊತ್ತಾಗುತ್ತೆ. ಮಾರೋರನ್ನ ನಂಬರ್ ಕೇಳಬೇಡ್ರಿ, ಮಿ.ಮೀ. ಕೇಳ್ರಿ. ಸಂದು ದೊಡ್ಡದಾದಂಗೆ ಸ್ವರ ಬಗ್ಗಿಸೋಕೆ ಜಾಗ ಸಿಗುತ್ತೆ, ಗಮಕಕ್ಕೆ ಒಳ್ಳೇದು ನಿಜ. ಆದ್ರೆ ಉಸಿರು ಜಾಸ್ತಿ ಬೇಕು, ಸ್ವರ ಒಂದೇ ಕಡೆ ನಿಲ್ಲಿಸೋದು ಕಷ್ಟ, ರೀಡ್ ಅರ್ಧ ನಂಬರ್ ಇಳಿಸಬೇಕು. ಹಳೇ ಎರಡೂವರೆ ರೀಡನ್ನೇ ಹಾಕಿ ಊದಿ "ಗಾಳಿ ಸದ್ದೇ ಬರ್ತದೆ, ಸ್ವರ ಇಲ್ಲ" ಅನ್ನೋರು ಇಲ್ಲೇ ಎಡವೋದು. ಎರಡು ಹಾಕಿ ನೋಡ್ರಿ.

ಸದ್ದು ದೂರ ಮುಟ್ಟಿಸೋದು ಮೆಟಲ್ ಅಲ್ಲ, ಒಳಗಿನ ಆಕಾರ. ತುದಿಯ ಹಿಂದಿನ ಒಳಗೋಡೆ, ಅಂದ್ರೆ ಬಾಫಲ್, ಎತ್ತರ ಇದ್ರೆ ಸದ್ದು ಚೂಪಾಗಿ ಹೊರಡುತ್ತೆ. ಅದೇ ಚೂಪು ಮಂಟಪದ ಮೈಕ್ ಮುಂದೆ ಕಿವಿ ಚುಚ್ಚುತ್ತೆ. (ಕದ್ರಿ ಗೋಪಾಲನಾಥರ ಮೌತ್‌ಪೀಸ್ ಯಾವುದಿತ್ತು ಅಂತ ಕೇಳೋರಿಗೂ ಇದೇ ಮಾತು. ಆ ನಾದದ ಮುಕ್ಕಾಲು ಪಾಲು ಗಂಟಲು, ತುಟಿಯದ್ದು. ಅದು ಅಂಗಡೀಲಿ ಸಿಗಲ್ಲ.)

ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯದ ವಿಷಯ ಬಿಸಿಲು. ಆಲ್ಟೋದಲ್ಲಿ ಸಿ ಸ್ವರಕ್ಕೆ ಬೆರಳಿಡೋ ರೀತೀನ ಷಡ್ಜ ಮಾಡಿಕೊಂಡರೆ ಎರಡೂವರೆ ಮನೆ ಶ್ರುತಿ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತೆ, 100 ಸೆಂಟಿಗೆ ಅರ್ಧ ಮನೆ. ಉಸಿರಿನ ಬಿಸಿ ಒಳಗೆ ಇದ್ದೇ ಇರೋದ್ರಿಂದ ಅಷ್ಟೂ ಏರಲ್ಲ, ಆದರೂ ಮಾಗಿಯ ಬೆಳಗಿನ ಮುಹೂರ್ತಕ್ಕೂ ಏಪ್ರಿಲ್ ಮಧ್ಯಾಹ್ನದ ಮೆರವಣಿಗೆಗೂ ವ್ಯತ್ಯಾಸ ಕಿವಿಗೆ ಬೀಳುತ್ತೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾತ್ರ ಅಲ್ಲೇ ಇರುತ್ತೆ. ಆಗ ಮೌತ್‌ಪೀಸ್ ಹೊರಗೆ ಎಳೀಬೇಕು. ಎತ್ತರದ ಬಾಫಲ್, ಸಣ್ಣ ಚೇಂಬರ್ (ಬಾಫಲ್ ಹಿಂದಿನ ಒಳಕೋಣೆ) ಇರೋ ಮೌತ್‌ಪೀಸಿನ ಒಳಜಾಗ ಕಮ್ಮಿ, ಅದು ಮೊದಲೇ ಶ್ರುತಿ ಏರಿಸುತ್ತೆ. ತಂಪಲ್ಲೇ ಅರ್ಧ ಹೊರಗೆ ಎಳೆದಿರ್ತೀರಿ, ಬಿಸಿಲಿಗೆ ಇನ್ನಷ್ಟು ಎಳೆದ್ರೆ ನೆಕ್ (ವಾದ್ಯದ ಬಾಗಿದ ಮೇಲ್ಕೊಳವೆ) ತುದಿಗೆ ಸುತ್ತಿರೋ ಕಾರ್ಕಿನ ಅಂಚಲ್ಲಿ ನೇತಾಡ್ತದೆ, ಗಾಳಿ ಸೋರ್ತದೆ. ಅದೂ ಅಲ್ಲದೆ ಎಳೆದಾಗ ಎಲ್ಲಾ ಸ್ವರ ಸಮ ಇಳಿಯಲ್ಲ. ಯಾವ ಕೀನೂ ಒತ್ತದ ಸಿ ಶಾರ್ಪ್ ಜಾಸ್ತಿ ಇಳಿಯುತ್ತೆ, ಎಲ್ಲಾ ಮುಚ್ಚಿದ ಕೆಳಗಿನ ಸ್ವರ ಅಷ್ಟಾಗಿ ಅಲುಗಲ್ಲ. ಆದ್ದರಿಂದ ತಂಪು ಹೊತ್ತಲ್ಲಿ ಶ್ರುತಿಗೆ ಕೂರಿಸಿದಾಗ ಕಾರ್ಕಿನ ಬಹುಪಾಲು ಒಳಗೇ ಇರಬೇಕು. ಇಲ್ಲದಿದ್ರೆ ಅದು ಎಷ್ಟೇ ಮೊಳಗಲಿ, ನಮ್ಮೂರಿಗೆ ಆಗಿಬರಲ್ಲ.

ಸೆಕೆಂಡ್ ಹ್ಯಾಂಡ್ ಆದ್ರೆ ಹೆಬ್ಬೆರಳ ಉಗುರನ್ನ ತುದಿಯ ಅಂಚಿನ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಎಳೀರಿ. ಕೂದಲೆಳೆಯಷ್ಟು ಕಚ್ಚು ಇದ್ರೂ ಉಗುರು ಸಿಕ್ಕಿಕೊಳ್ಳುತ್ತೆ. ಅಲ್ಲಿಂದಲೇ ಕೀರಲು ಸದ್ದು ಹುಟ್ಟೋದು. ಆಮೇಲೆ ರೀಡ್ ಕಟ್ಟಿ, ತುದಿಯಿಂದ ತೆಳ್ಳನೆಯ ಕಾಗದದ ಪಟ್ಟಿಯನ್ನ ಅಡ್ಡಡ್ಡ ನೇರವಾಗಿ ಒಳಗೆ ಜಾರಿಸ್ರಿ. ಎಡಬಲ ಎರಡೂ ರೈಲಿನ (ರೀಡ್ ಕೂರೋ ಅಂಚಿನ) ಮೇಲೆ ಒಂದೇ ಮಟ್ಟಕ್ಕೆ ನಿಲ್ಲಬೇಕು. ಸೊಟ್ಟ ನಿಂತ್ರೆ, ರೀಡ್ ಬದಲಿಸಿ ನೋಡಿದ್ರೂ ಸೊಟ್ಟ ನಿಂತ್ರೆ, ವಾಪಸ್ ಕೊಟ್ಟುಬಿಡ್ರಿ. ರೀಡ್ ಒದ್ದೆ ಮಾಡಿ, ಹಿಂದಿನ ತೂತನ್ನ ಅಂಗೈಯಲ್ಲಿ ಮುಚ್ಚಿ ಗಾಳಿ ಹೀರಿ ಬಾಯಿ ತೆಗೆದ್ರೆ ರೀಡ್ ಒಂದೆರಡು ಸೆಕೆಂಡ್ ಅಂಟಿಕೊಂಡಿದ್ದು "ಟಪ್" ಅಂತ ಬಿಡಬೇಕು.

ಊದಿ ನೋಡೋಕೆ ಹೋಗುವಾಗ ಹಳೇ 4ಸಿ, ನಿಮಗೆ ಪಳಗಿದ ಎರಡೂವರೆ ರೀಡ್ ಎರಡು, ಎರಡರ ರೀಡ್ ಎರಡು, ಟ್ಯೂನರ್ ಇರೋ ಮೊಬೈಲ್, ಪೆನ್ಸಿಲ್ ಜೊತೇಲಿರಲಿ. ಹಳೇದರ ಮೇಲೆ ಹಲ್ಲಿಗೆ ರಬ್ಬರ್ ಪ್ಯಾಚ್ ಅಂಟಿಸಿದ್ರೆ ಹೊಸದಕ್ಕೂ ಅಷ್ಟೇ ದಪ್ಪದ್ದು ಬೇಕು, ಇಲ್ಲದಿದ್ರೆ ಬಾಯಿ ತೆರೆಯೋ ಅಳತೆಯೇ ಬದಲಾಗಿ ಹೋಲಿಕೆ ಕೆಡುತ್ತೆ. ಮೊದಲು ಮೌತ್‌ಪೀಸನ್ನ ಬರೀ ನೆಕ್‌ಗೆ ಹಾಕಿ ಊದ್ರಿ. ಆಲ್ಟೋದಲ್ಲಿ ಟ್ಯೂನರ್ ಎ ಫ್ಲಾಟ್ ಆಸುಪಾಸು, ಸುಮಾರು 415 ಹರ್ಟ್ಸ್ ತೋರಿಸಬೇಕು. ಎರಡೂವರೆ ಮನೆಗೆ ಅದು ಶುದ್ಧ ಮಧ್ಯಮ. ಅಲ್ಲಿಂದ ತುಂಬಾ ಮೇಲೆ ಹೋಗ್ತಿದ್ರೆ ಕಚ್ಚಿ ಹಿಡಿದಿದ್ದೀರಿ ಅಂತ ಅರ್ಥ, ತುಟಿ ಸಡಿಲಿಸ್ರಿ. ನಂತರ ಪೂರ್ತಿ ಜೋಡಿಸಿ ಶ್ರುತಿಗೆ ತಂದು ಕಾರ್ಕ್ ಮೇಲೆ ಪೆನ್ಸಿಲ್ ಗುರುತು ಹಾಕ್ರಿ. ಎಲ್ಲಕ್ಕಿಂತ ಕೆಳಗಿನ ಬಿ ಫ್ಲಾಟನ್ನ ಎಷ್ಟು ಮೆಲ್ಲಗೆ ಶುರು ಮಾಡೋಕಾಗುತ್ತೆ ನೋಡ್ರಿ. ಜೋರಾಗಿ ಎಲ್ಲವೂ ಊದುತ್ತೆ, ಮೆಲ್ಲಗೆ ಊದಿದಾಗಲೇ ಬಂಡವಾಳ ಬಯಲು. ಶಂಕರಾಭರಣದ ಸರಳೆ ಎರಡು ಕಾಲ, ಆಮೇಲೆ ತೋಡಿಯ ಗಾಂಧಾರ ಕಂಪನ ಕೊಟ್ಟು ಹಿಡೀರಿ. ಗಾಂಧಾರ ತೂಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರಬೇಕು.

ಊದೋರ ಕಿವಿ ನಂಬೋ ಹಾಗಿಲ್ಲ, ಹಲ್ಲಿನ ಮೂಲಕ ತಲೆಗೆ ಹೋಗೋ ಸದ್ದೇ ಬೇರೆ. ಜೊತೆಯವರೊಬ್ಬರನ್ನ ಬಯಲಲ್ಲಿ ಮೂವತ್ತು ಅಡಿ ದೂರ ನಿಲ್ಲಿಸಿ, ಯಾವುದು ಅಂತ ಹೇಳದೆ ಹಳೇದು ಹೊಸದು ಎರಡೂ ಊದಿ ಕೇಳ್ರಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ನೋಡಬೇಡ್ರಿ, ತುಟಿ ಸೋತ ಮೇಲೆ ಎಲ್ಲವೂ ಒಂದೇ. ಮೊದಲ ಹತ್ತು ನಿಮಿಷ ಹೊಸದು ಯಾವಾಗಲೂ ಚೆಂದ, ಮಾರನೇ ದಿನ ಇನ್ನೊಮ್ಮೆ ಊದ್ರಿ.

ನಿಮ್ಮ ಕೆಲಸಕ್ಕೆ 1.70ರಿಂದ 1.80 ಮಿ.ಮೀ. ಒಳಗಿನ, ಮಧ್ಯಮ ಚೇಂಬರಿನ ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್ ಸಾಕು, ಮೆರವಣಿಗೆಗೆ ಒಂದು ಕ್ಲಿಪ್ ಮೈಕ್. ಎಬೊನೈಟನ್ನ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡ್ರಿ, ಬಿಸಿನೀರಲ್ಲಿ ತೊಳೀಬೇಡ್ರಿ, ಹಸಿರುಗಟ್ಟಿ ಗಂಧಕದ ವಾಸನೆ ಬರುತ್ತೆ. ಮೆಟಲ್ಲೇ ಆಗಬೇಕು ಅಂದ್ರೆ ಲಿಗೇಚರ್ (ರೀಡ್ ಬಿಗಿಯೋ ಪಟ್ಟಿ), ಕ್ಯಾಪ್ ಜೊತೆಗೇ ಕೊಡ್ತಾರಾ ಕೇಳ್ರಿ. ಅದರ ಮೈ ಸಣ್ಣ, ನಿಮ್ಮ ಹಳೇದು ಕೂರಲ್ಲ.

ಹೊಸದು ಕಾರ್ಕಿಗೆ ಸಡಿಲವಾದ್ರೆ ಪರೀಕ್ಷೆ ಮುಗಿಯೋವರೆಗೆ ಒಂದು ಸುತ್ತು ಕಾಗದ ಸುತ್ತಿದ್ರೆ ಸಾಕು. ಬಿಗಿಯಾದ್ರೆ ಗ್ರೀಸ್ ಹಚ್ಚಿ ತಿರುಗಿಸ್ತಾ ಹಾಕ್ರಿ, ನೆಕ್ ಬಗ್ಗೋ ಹಾಗೆ ದೂಡಬೇಡ್ರಿ. ಹೊಸ ಕಾರ್ಕ್ ಹಾಕಿಸೋದಾದ್ರೆ ಎರಡೂ ಮೌತ್‌ಪೀಸನ್ನ ರಿಪೇರಿಯವರ ಕೈಗೆ ಕೊಡ್ರಿ, ಒಂದಕ್ಕೇ ಉಜ್ಜಿ ಕೊಟ್ರೆ ಇನ್ನೊಂದು ಹೋಗಲ್ಲ.